ಬಲಭುಜದ ಸೆರಗು

ನನ್ನ ಸ್ಟುಡಿಯೋಗೆ ಬರುವ ಹೆಂಗಸರಲ್ಲಿ ಹೆಚ್ಚಿನವರು ಕೆಟ್ಟವಳ ವೇಷವನ್ನೇ ಕೇಳುತ್ತಾರೆ. ರಾಜಕುಮಾರಿಯ ಲಂಗ ತೊಟ್ಟವರು ಹೊಟ್ಟೆ ಒಳಗೆಳೆದುಕೊಂಡು, ಎದುರಿಗೆ ಯಾರೋ ಅಂಕ ಕೊಡಲು ಕೂತಿದ್ದಾರೆ ಎಂಬಂತೆ ನಿಲ್ಲುತ್ತಾರೆ. ಮಲತಾಯಿಯ ಕಪ್ಪು ನಿಲುವಂಗಿಯನ್ನೋ ರಾಕ್ಷಸಿಯ ಕಿರೀಟವನ್ನೋ ಹಾಕಿಕೊಂಡವರು ಮನೆಯಲ್ಲಿ ಯಾರೂ ಇಲ್ಲದಾಗ ನಗುವ ಹಾಗೆ ನಗುತ್ತಾರೆ. ನೋಯ್ಡಾದ ಸೆಕ್ಟರ್ ಮಾರ್ಕೆಟ್ಟಿನಲ್ಲಿ, ಅಪ್ಪನ ಹೋಟೆಲಿನ ಮೇಲಿನ ಮಹಡಿಯಲ್ಲಿ, ಆರು ವರ್ಷದಿಂದ ನಾನು ಹೀಗೆ ಹಳೆಯ ಕತೆಗಳ ರಾಣಿಯರನ್ನೂ ದುಷ್ಟೆಯರನ್ನೂ ಫೋಟೋಗಿಳಿಸುತ್ತಿದ್ದೇನೆ. ಕೆಳಗಿನಿಂದ ಸಾಂಬಾರಿನ ವಾಸನೆ ಹತ್ತಬಾರದೆಂದು ವೇಷಗಳನ್ನೆಲ್ಲ ಚೀಲಗಳಲ್ಲಿ ಹಾಕಿ, ಜಿಪ್ ಎಳೆದು, ಸಾಲಾಗಿ ತೂಗುಹಾಕಿರುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆದಾಗ ತಲೆಯಿಲ್ಲದ ಹೆಂಗಸರು ಸರದಿಯಲ್ಲಿ ಕಾಯುತ್ತಿರುವಂತೆ ಕಾಣುತ್ತದೆ. ಅದಕ್ಕೇ ಮೊದಲು ಲೈಟ್ ಹಾಕಿ, ಆಮೇಲೆ ಆ ಕಡೆ ನೋಡುತ್ತೇನೆ.

ಕ್ಯಾಮೆರಾದ ಮುಂದೆ ಮಾತ್ರ ನಾನು ಎಂದೂ ನಿಂತವಳಲ್ಲ.

ನನ್ನಲ್ಲಿರುವ ವೇಷಗಳಲ್ಲಿ ಒಂದು ಜೋಡಿ ಅಮ್ಮ ಹೇಳುತ್ತಿದ್ದ ಕತೆಯಿಂದ ಬಂದದ್ದು. ಮದುವೆ ಗೊತ್ತಾದ ಅಕ್ಕ ಒಡವೆಗಳನ್ನು ದಡದಲ್ಲಿ ಬಿಚ್ಚಿಟ್ಟು ಕೊಳಕ್ಕಿಳಿಯುತ್ತಾಳೆ, ಮೇಲೆ ಬರುವುದಿಲ್ಲ. ತಂಗಿ ಆ ಒಡವೆ ತೊಟ್ಟು, ಅಕ್ಕನಿಗೆಂದು ಬಂದ ಪಲ್ಲಕ್ಕಿ ಏರಿ ಅರಮನೆ ಸೇರುತ್ತಾಳೆ. ಅಕ್ಕ ತಾವರೆಯಾಗಿ ಅರಳಿ ರಾಜನಿಗೆ ನಿಜ ಹೇಳುತ್ತಾಳೆ. ಅಮ್ಮ ಇದನ್ನು ನನ್ನ ತಲೆ ಬಾಚುವಾಗ ಹೇಳುತ್ತಿದ್ದಳು. ತಂಗಿಯ ಹೆಸರು ಬಂದಲ್ಲೆಲ್ಲ ಬಾಚಣಿಗೆ ಸ್ವಲ್ಪ ಜೋರಾಗಿ ಎಳೆಯುತ್ತಿತ್ತು ಎಂಬುದು ನನ್ನ ನೆನಪು. ನೆನಪು ತಪ್ಪಿರಲೂಬಹುದು.

ಕಳೆದ ಬೇಸಿಗೆಯಲ್ಲಿ ಅನನ್ಯಾ ಎಂಬವರು ಬಂದಿದ್ದರು. ಗಂಡ ಕೇಂದ್ರ ಸರ್ಕಾರದ ಅಧಿಕಾರಿ. ಅಕ್ಕನ ಬಿಳಿ ಸೀರೆಯನ್ನು ಪಕ್ಕಕ್ಕೆ ಸರಿಸಿ ತಂಗಿಯ ಕಡುಹಸಿರು ಸೀರೆಯನ್ನು ಎತ್ತಿಕೊಂಡರು.

"ಅವಳು ಕೆಟ್ಟವಳು," ಎಂದೆ, ಎಲ್ಲ ಗಿರಾಕಿಗಳಿಗೂ ಹೇಳುವಂತೆ.

"ಏನ್ರೀ ಕೆಟ್ಟದ್ದು? ಪಲ್ಲಕ್ಕಿ ಬಾಗಿಲಿಗೆ ಬಂದು ನಿಂತಿತ್ತು. ಖಾಲಿ ಕಳಿಸೋಕಾಗುತ್ತಾ? ಮನೆಯವರೇ ಹತ್ತಿಸಿರ್ತಾರೆ ಬಿಡಿ ಅವಳನ್ನ."

ಅವರು ನಗುತ್ತಲೇ ಹೇಳಿದ ಮಾತು. ನನ್ನ ಕೈಯಲ್ಲಿದ್ದ ಸೇಫ್ಟಿ ಪಿನ್ ಬೆರಳಿಗೆ ಚುಚ್ಚಿತು.

ನನಗೂ ಒಬ್ಬಳು ಅಕ್ಕ ಇದ್ದಳು. ಶ್ರಾವ್ಯಾ. ಮೂರು ವರ್ಷ ತುಂಬಿದ ತಿಂಗಳಲ್ಲೇ ಜ್ವರ ಬಂದು ತೀರಿಹೋದಳು. ಹನ್ನೊಂದು ತಿಂಗಳ ಮೇಲೆ ನಾನು ಹುಟ್ಟಿದೆ. ಅವಳದ್ದು ಇರುವುದು ಒಂದೇ ಒಂದು ಫೋಟೋ. ಅದರಲ್ಲಿ ಅಮ್ಮನ ಸೊಂಟದ ಮೇಲೆ ಕೂತು ಹಿಂದಕ್ಕೆ ತಿರುಗಿದ್ದಾಳೆ. ಕಾಣುವುದು ಕೆಂಪು ರಿಬ್ಬನ್ನು, ಜಡೆ, ಒಂದು ಕಿವಿ.

ನಮ್ಮ ಕರಾವಳಿಯ ಕಡೆ, ಸತ್ತ ಮಕ್ಕಳು ಆ ಲೋಕದಲ್ಲಿಯೂ ಬೆಳೆಯುತ್ತಾರೆ ಎಂದು ನಂಬುತ್ತಾರೆ. ಹಬ್ಬದ ದಿನಗಳಲ್ಲಿ ಅಮ್ಮ ನಾಲ್ಕು ಎಲೆ ಹಾಕುತ್ತಿದ್ದಳು. ನಮ್ಮ ಮೂರು ಎಲೆಗಳ ತುದಿ ಎಡಕ್ಕೆ, ಶ್ರಾವ್ಯಾಳದ್ದು, ಸತ್ತವರಿಗೆ ಹಾಕುವಂತೆ, ಬಲಕ್ಕೆ. ಪ್ರತಿ ವರ್ಷ ಅವಳ ಆ ವರ್ಷದ ಅಳತೆಗೆ ಬಟ್ಟೆ ತರುತ್ತಿದ್ದಳು: ಫ್ರಾಕು, ಲಂಗ, ಚೂಡಿದಾರ, ಕೊನೆಗೆ ಸೀರೆ. ನಾನು ಆ ಅಳತೆಗೆ ಬೆಳೆದ ಮೇಲೆ ಅವು ನನಗೆ ಬರುತ್ತಿದ್ದವು. ಯಾರೂ ತೊಡದ ಬಟ್ಟೆಗಳನ್ನು ನಾನು ಯಾರೋ ತೊಟ್ಟು ಬಿಚ್ಚಿಟ್ಟ ಬಟ್ಟೆಗಳಂತೆ ಉಟ್ಟು ಬೆಳೆದೆ.

ಸತ್ತು ಅಲ್ಲಿ ಬೆಳೆದವರಿಗೆ ಮದುವೆಯ ವಯಸ್ಸೂ ಬರುತ್ತದೆ. ಮದುವೆ ಮಾಡದಿದ್ದರೆ ಬದುಕಿರುವ ತಂಗಿ-ತಮ್ಮಂದಿರ ದಾರಿಗೆ ಅಡ್ಡ ನಿಲ್ಲುತ್ತಾರಂತೆ. ನನಗೆ ಗೊತ್ತಾಗಿದ್ದ ಎರಡು ಸಂಬಂಧ ಮುರಿದುಬಿದ್ದಾಗ ಅಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾಲ್ಕನೆಯ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದಳು. ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೆ ಹಾಗೆಂದು ಗಟ್ಟಿಯಾಗಿ ಹೇಳುವುದಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ರತ್ನಾ ಆಂಟಿ ಅಮ್ಮನನ್ನು ನೋಡಲು ಮನೆಗೆ ಬಂದರು. ದೆಹಲಿಯ ಸುತ್ತ ಇರುವ ನಮ್ಮವರಿಗೆಲ್ಲ ಸಂಬಂಧ ಕುದುರಿಸುವವರು ಅವರೇ, ಬದುಕಿದವರಿಗೂ, ಹೋದವರಿಗೂ.

"ಲೀಲಮ್ಮಾ, ಹುಡುಗ ಸಿಕ್ಕಿದ. ಫರೀದಾಬಾದ್. ಒಳ್ಳೆ ಮನೆ, ನಮ್ಮದೇ ಜಾತಿ. ಬಳಿ, ಗೋತ್ರ ಎಲ್ಲ ಬೇರೆ, ಅದನ್ನೂ ಕೇಳಿದೆ. ನಿತೇಶ ಅಂತ ಹೆಸರು. ಎರಡು ವರ್ಷದಲ್ಲೇ ಹೋದದ್ದು, ಪಾಪ. ಇದ್ದಿದ್ರೆ ಈಗ ಮೂವತ್ತಾರು."

ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಜಯಾನಂದ ಕನ್ನಡಕದ ಮೇಲಿಂದ ನೋಡಿದರು. "ಕುಡಿಯುವ ಅಭ್ಯಾಸ ಎಂತದೂ ಇಲ್ಲ ಅಲ್ವಾ?"

"ನೀವು ಸುಮ್ಮನಿರಿ," ಎಂದಳು ಅಮ್ಮ.

"ಆದ್ರೆ ಹುಡುಗನ ತಾಯಿ ಸ್ನೇಹಲತಾ ಫೋಟೋ ಕೇಳ್ತಿದ್ದಾರೆ," ಎಂದರು ಆಂಟಿ. "ನೋಡಿ, ಇದು ಅವರು ಕೊಟ್ಟದ್ದು."

ಮೊಬೈಲಿನಲ್ಲಿ ಸೂಟು ಹಾಕಿದ ಗಂಡಸೊಬ್ಬ ನಗುತ್ತಿದ್ದ. ಎರಡು ವರ್ಷದ ಮಗುವಿನ ಫೋಟೋವನ್ನು ಯಾವುದೋ ಆ್ಯಪಿಗೆ ಹಾಕಿ ಮೂವತ್ತಾರಕ್ಕೆ ಬೆಳೆಸಿದ್ದರು. ಹಲ್ಲುಗಳು ಒಂದೇ ಸಮ. ಕೋಟಿನ ಮೇಲಿನ ಗುಂಡಿ ಬಟ್ಟೆಯೊಳಗೆ ಕರಗಿಹೋಗಿತ್ತು. ನನ್ನ ಕಣ್ಣು ಅಂಥದ್ದನ್ನೇ ಮೊದಲು ನೋಡುವುದು.

"ನಮ್ಮ ಹುಡುಗಿಯ ಮುಖವೇ ಇಲ್ವಲ್ಲ," ಎಂದರು ಆಂಟಿ. "ಜಡೆಯನ್ನು ಯಾವ ಆ್ಯಪಿಗೆ ಹಾಕೋದು?"

ಅಮ್ಮ ನನ್ನ ಕಡೆ ತಿರುಗಿದಳು. ಅವಳು ಏನು ಕೇಳುತ್ತಾಳೆಂದು ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

"ಹರಿಣಿ, ಗ್ರೇಟರ್ ನೋಯ್ಡಾದವರನ್ನೆಲ್ಲ ರಾಣಿ ಮಾಡ್ತಿ. ನಿನ್ನ ಅಕ್ಕನನ್ನು ಒಂದು ಮದುಮಗಳು ಮಾಡ್ಲಿಕ್ಕೆ ಆಗುದಿಲ್ವಾ? ಧಾರೆ ಸೀರೆ ಕಪಾಟಲ್ಲಿ ಉಂಟು. ನೀನು ಉಟ್ಟು ನಿಂತರೆ ಆಯ್ತು."

"ಅಮ್ಮಾ, ಅದು ನನ್ನ ಫೋಟೋ ಆಗುತ್ತೆ. ಸತ್ತವರ ಫೋಟೋ ಅಂತ ಯಾರದೋ ಮನೆ ಗೋಡೆ ಮೇಲೆ ನಾನು ಹಾರ ಹಾಕಿಸ್ಕೊಂಡು ಕೂತಿರಬೇಕಾ? ಅದು ನನ್ನ ಮುಖ."

"ಅವಳದ್ದೇ ಅದು," ಎಂದಳು ಅಮ್ಮ. ಕೋಪದಿಂದಲ್ಲ, ಅಕ್ಕಿ ಎಷ್ಟು ಸೇರು ಎಂದು ಹೇಳುವ ದನಿಯಲ್ಲಿ. "ನೀನು ಆಮೇಲೆ ಬಂದವಳು."

ರತ್ನಾ ಆಂಟಿ ಟೀ ಲೋಟದೊಳಗೆ ನೋಡಿದರು. ಅಪ್ಪ ಪೇಪರ್ ಮಡಚಿದರು. ಮಾತು ಹೊರಬಿದ್ದ ಮೇಲೆ ಅಮ್ಮನಿಗೇ ಕೇಳಿಸಿತೋ ಏನೋ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

"ನನಗೆ ಅವಳ ಮುಖ ಮರ್ತುಹೋಗಿದೆ ಮಾರಾಯ್ತಿ," ಎಂದಳು ಕೊನೆಗೆ. "ಮೂವತ್ತು ವರ್ಷದಿಂದ ಯಾರಿಗೂ ಹೇಳ್ಲಿಲ್ಲ. ಒಮ್ಮೆ ನೋಡಿ ಕಳಿಸಿಬಿಡ್ತೇನೆ."

ನಾನು ಒಪ್ಪಿದೆ. ಆದರೆ ಮನಸ್ಸಿನಲ್ಲೇ ಒಂದು ಷರತ್ತು ಹಾಕಿಕೊಂಡೆ. ನಿಲ್ಲುವುದು ನಾನೇ ಆದರೂ, ಕೊನೆಗೆ ಆ ಚಿತ್ರದಲ್ಲಿ ನಾನಿರಬಾರದು.

ಮರುದಿನ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿಕೊಂಡೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಕೆಳಗೆ ಊಟದ ಹೊತ್ತಿನ ಗದ್ದಲ, ತಟ್ಟೆಗಳ ಸದ್ದು. ಕೆಂಪು ಅಂಚಿನ ಬಿಳಿ ಧಾರೆ ಸೀರೆ ಉಟ್ಟೆ, ಮಲ್ಲಿಗೆ ಮುಡಿದೆ, ಅಮ್ಮ ಎತ್ತಿಟ್ಟಿದ್ದ ಬಳೆ, ಸರ ಹಾಕಿಕೊಂಡೆ. ನನ್ನ ಅಳತೆಗೆ ಎಲ್ಲವೂ ಸರಿಯಾಗಿದ್ದವು. ಬಳೆ ಕೂಡ. ಕತೆಯ ತಂಗಿ ದಡದ ಮೇಲೆ ಒಡವೆ ತೊಡುವಾಗ ಕೊಳದ ಕಡೆ ನೋಡಿದ್ದಳೇ ಎಂದು ಯಾರೂ ಹೇಳಿಲ್ಲ.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಟೈಮರ್ ಹಾಕಿದೆ. ಹತ್ತು ಸೆಕೆಂಡಿಗೊಂದರಂತೆ ನಲವತ್ತು ಫೋಟೋ. ಕೆಂಪು ದೀಪ ಮಿಣುಕುತ್ತಿತ್ತು, ನಾನು ನಿಂತಿದ್ದೆ. ಗಿರಾಕಿಗಳಿಗೆ ಹೇಳುವ ಮಾತನ್ನೇ ನನಗೂ ಹೇಳಿಕೊಂಡೆ: ಗಲ್ಲ ಸ್ವಲ್ಪ ಕೆಳಗೆ, ಉಸಿರು ಬಿಡಿ, ಈಗ ನೀವು ನೀವಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದನ್ನೇ ನೋಡಿದೆ. ಇಪ್ಪತ್ತೇಳನೆಯದರಲ್ಲಿ ಮುಖವಿರಲಿಲ್ಲ. ಹಿಂದಕ್ಕೆ ತಿರುಗಿದ ತಲೆ, ಜಡೆ, ಮಲ್ಲಿಗೆ, ಒಂದು ಕಿವಿ. ಬೀದಿಯಲ್ಲಿ ಹಾರ್ನ್ ಕೇಳಿ ತಿರುಗಿರಬೇಕು. ತಿರುಗಿದ್ದು ನೆನಪಿರಲಿಲ್ಲ. ನನ್ನ ಬೆನ್ನ ಹಿಂದೆ ಇದ್ದದ್ದು ಬೂದು ಬಣ್ಣದ ಪರದೆ, ಅದರಾಚೆ ವೇಷಗಳ ಸಾಲು. ಈಗ ಕಂಪ್ಯೂಟರಿನ ಮುಂದೆಯೂ ನಾನು ಅವುಗಳಿಗೆ ಬೆನ್ನು ಹಾಕಿಯೇ ಕೂತಿದ್ದೆ. ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡು ಕೆಲಸ ಮುಂದುವರಿಸಿದೆ.

ಹದಿನಾಲ್ಕನೆಯ ಫೋಟೋವನ್ನು ಆರಿಸಿದೆ. ಎಡಗಣ್ಣಿನ ಕೆಳಗಿನ ನನ್ನ ಮಚ್ಚೆಯನ್ನು ಅಳಿಸಿದೆ. ಮೂಗನ್ನು ತುಸು ಸಣ್ಣ ಮಾಡಿದೆ, ಹುಬ್ಬನ್ನು ಎತ್ತಿದೆ. ಆದರೂ ಅಲ್ಲಿ ನಾನೇ ಇದ್ದೆ, ನನ್ನನ್ನೇ ನೋಡುತ್ತ. ಕೊನೆಗೆ ಇಡೀ ಚಿತ್ರವನ್ನು ಎಡ ಬಲ ಅದಲುಬದಲಾಗುವಂತೆ ತಿರುಗಿಸಿದೆ. ಒಂದೇ ಗುಂಡಿ ಒತ್ತಿದ್ದಕ್ಕೆ ಮುಖ ಬೇರೆಯವಳದಾಯಿತು. ನೋಟ ನನ್ನ ಮೇಲಿಂದ ಜಾರಿ ಪಕ್ಕಕ್ಕೆ ಹೋಯಿತು. ಮತ್ತೆ ನೋಡುವ ಧೈರ್ಯವಿಲ್ಲದೆ ಅವಸರದಲ್ಲಿ ಪ್ರಿಂಟ್ ತೆಗೆದೆ.

ತಪ್ಪು ಗೊತ್ತಾದದ್ದು ಅಮ್ಮನ ಕೈಗೆ ಕೊಟ್ಟ ಮೇಲೆ. ಸೀರೆಯುಟ್ಟವರ ಫೋಟೋವನ್ನು ತಿರುಗಿಸಬಾರದು, ಇದು ನನ್ನ ಕೆಲಸದ ಮೊದಲ ಪಾಠ. ಎಡಭುಜದ ಮೇಲಿರಬೇಕಾದ ಸೆರಗು ಬಲಭುಜದ ಮೇಲಿತ್ತು.

"ಅಮ್ಮಾ, ಕೊಡು, ಸೆರಗು ತಪ್ಪಾಗಿದೆ. ಬೇರೆ ತೆಗೀತೇನೆ."

ಅಮ್ಮ ಫೋಟೋವನ್ನು ಎದೆಗೆ ಒತ್ತಿಕೊಂಡಳು. "ತಪ್ಪಲ್ಲ. ಸರಿಯಾಗಿಯೇ ಉಂಟು. ಅವರಿಗೆಲ್ಲ ತಿರುವುಮುರುವು ಅಲ್ವಾ, ಎಲೆಯ ಹಾಗೆ." ನನ್ನ ಕಡೆ ತಿರುಗಿ ಕೇಳಿದಳು, "ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ಹ್ಞಾಂ," ಎಂದಳು, ನಂಬದೆ. ಆಮೇಲೆ ಹೆಬ್ಬೆರಳಿನಿಂದ ಆ ಕೆನ್ನೆಯನ್ನು, ಮಚ್ಚೆಯಿಲ್ಲದ ಆ ಜಾಗವನ್ನು, ಸವರುತ್ತ ಕೂತಳು. "ಇವಳೇ. ನೋಡಿ, ಇವಳೇ," ಎಂದು ಅಪ್ಪನಿಗೆ ತೋರಿಸಿದಳು. ಅಪ್ಪ ನನ್ನನ್ನು ನೋಡಲಿಲ್ಲ, ಫೋಟೋವನ್ನೂ ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆಟಿ ತಿಂಗಳ, ಅಂದರೆ ಆಷಾಢದ, ಒಂದು ಭಾನುವಾರ ಬೆಳಿಗ್ಗೆ ಫರೀದಾಬಾದಿನಲ್ಲಿ ಮದುವೆ ನಡೆಯಿತು. ನಾವು ಕ್ಯಾಬಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅಮ್ಮ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು, ಎ.ಸಿ. ಗಾಳಿ ನೇರ ಬೀಳದಂತೆ ಸೆರಗು ಮುಚ್ಚಿದ್ದಳು. ಡ್ರೈವರ್ ಭಯ್ಯಾ ಕನ್ನಡಿಯಲ್ಲಿ ಒಮ್ಮೆ ನನ್ನನ್ನು, ಒಮ್ಮೆ ಫೋಟೋವನ್ನು ನೋಡಿ, "ದೀದೀ ಕೀ ಶಾದೀ ಹೈ?" ಎಂದು ಕೇಳಿದ. ಹೌದು, ಅಕ್ಕನ ಮದುವೆ ಎಂದೆ.

ಸ್ನೇಹಲತಾ ಅವರ ಮನೆಯ ತಾರಸಿಯಲ್ಲಿ ಶಾಮಿಯಾನ ಹಾಕಿದ್ದರು. ಎರಡು ಕುರ್ಚಿ. ಒಂದರ ಮೇಲೆ ಶರ್ಟು, ಪಂಚೆ, ಪೇಟ. ಇನ್ನೊಂದರ ಮೇಲೆ ನಾನು ಉಟ್ಟು ಬಿಚ್ಚಿದ ಧಾರೆ ಸೀರೆ, ಬಳೆ, ಮಲ್ಲಿಗೆ. ಸೀರೆ ಕುರ್ಚಿಯ ಮೇಲೆ ಕೂತ ರೀತಿಯಲ್ಲಿ ನನ್ನ ಮೊಣಕಾಲಿನ ಮಡಿಕೆ ಇನ್ನೂ ಇತ್ತು. ಕುರ್ಚಿಗಳಿಗೆ ಒರಗಿಸಿ ಎರಡು ಫೋಟೋ. ಆ್ಯಪ್ ಬೆಳೆಸಿದ ಗಂಡು, ನಾನು ಬೆಳೆಸಿದ ಹೆಣ್ಣು. ಇಬ್ಬರೂ ಚೆನ್ನಾಗಿ ಹೊಂದುತ್ತಿದ್ದರು. ಹಾರ ಬದಲಾಯಿಸಿದರು, ಧಾರೆ ಎರೆದರು, ಕುರ್ಚಿಗಳನ್ನೆತ್ತಿ ಪ್ರದಕ್ಷಿಣೆ ಹಾಕಿದರು. ಎತ್ತಿದಾಗ ಹೆಣ್ಣಿನ ಕುರ್ಚಿ ಹಗುರಾಗಿ ಮೇಲೆದ್ದಿತು. ನನಗೇಕೋ ಕಾಲು ನೆಲಕ್ಕೆ ತಾಗುತ್ತಿಲ್ಲ ಅನ್ನಿಸಿ ಶಾಮಿಯಾನದ ಕಂಬ ಹಿಡಿದುಕೊಂಡೆ.

ಸ್ನೇಹಲತಾ ಬಂದು ನನ್ನ ಮುಂದೆ ನಿಂತರು. ಬೆಳ್ಳಗಾದ ಕೂದಲಿನ, ಸಣ್ಣ ಆಕೃತಿಯ ಹೆಂಗಸು. ಫೋಟೋ ನೋಡಿದರು, ನನ್ನ ಮುಖ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ನೀನು ತಂಗಿಯಾ?"

"ಹೌದು ಆಂಟಿ."

"ಹೋಲಿಕೆಯೇ ಇಲ್ಲ ನೋಡು," ಎಂದರು. "ನಿನ್ನ ಅಕ್ಕ ಚಂದ."

ನನಗೆ ಬೇಕಾದದ್ದು ಇದೇ ಮಾತು. ಕೇಳಿದಾಗ ಮಾತ್ರ ನನ್ನ ಬೆರಳು ಕಣ್ಣಿನ ಕೆಳಗಿನ ಮಚ್ಚೆಯನ್ನು ಹುಡುಕಿತು.

ಕೊನೆಯಲ್ಲಿ ಹುಡುಗಿಯನ್ನು ಒಪ್ಪಿಸಿಕೊಡುವ ಶಾಸ್ತ್ರ. ಅಮ್ಮ ಫೋಟೋ ಎತ್ತಿ ಸ್ನೇಹಲತಾ ಅವರ ಕೈಗಿಟ್ಟಳು. ಇಟ್ಟಮೇಲೂ ಬಿಡಲಿಲ್ಲ. ಇಬ್ಬರು ತಾಯಂದಿರು ಒಂದು ಚೌಕಟ್ಟನ್ನು ಎರಡು ಕಡೆಯಿಂದ ಹಿಡಿದು ನಿಂತಿದ್ದರು.

"ಅವಳಿಗೆ ಹಾಲು ಬಿಸಿ ಇದ್ರೆ ಆಗುದಿಲ್ಲ," ಎಂದಳು ಅಮ್ಮ. "ಆರಿಸಿ ಕೊಡಿ."

"ಕೊಡ್ತೇನೆ. ಇನ್ನು ನಮ್ಮ ಮಗಳು," ಎಂದರು ಸ್ನೇಹಲತಾ. ಆಗ ಅಮ್ಮ ಕೈ ಬಿಟ್ಟಳು.

ಮುಂದಿನ ಹಬ್ಬ ಬಂತು. ಹೋಟೆಲಿನಿಂದ ಬಾಳೆಲೆ ತಂದು ಅಮ್ಮ ನೆಲದ ಮೇಲೆ ಹಾಸಿದಳು. ಮೂರೇ ಎಲೆ. ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು. ಕೂತ ಮೇಲೆ ನೋಡಿದೆ. ಅಪ್ಪನ ಎಲೆಯ ತುದಿ ಎಡಕ್ಕಿತ್ತು, ಅಮ್ಮನದೂ ಎಡಕ್ಕಿತ್ತು. ನನ್ನದು ಬಲಕ್ಕೆ.

ಕೈ ಅಭ್ಯಾಸಬಲದಿಂದ ಹಾಗೆ ಹಾಕಿರಬೇಕು. ಅಥವಾ ಕಳಿಸಿಕೊಟ್ಟದ್ದು ಯಾರನ್ನು ಎಂಬುದರ ಲೆಕ್ಕ ಅವಳಲ್ಲಿ ತಪ್ಪಿಹೋಗಿರಬೇಕು. ಹೇಳಿದರೆ ಎರಡರಲ್ಲಿ ಯಾವುದು ನಿಜ ಎಂದು ಗೊತ್ತಾಗಿಬಿಡುತ್ತದೆ ಎಂದು ನಾನು ಬಾಯಿ ಬಿಡಲಿಲ್ಲ. ಅಂಗೈಯಲ್ಲಿ ನೀರು ಹಿಡಿದು ಎಲೆಯನ್ನೇ ನೋಡುತ್ತ ಕೂತೆ. ನೀರು ಬೆರಳ ಸಂದಿಯಿಂದ ಸೋರಿಹೋಯಿತು.

ಅಮ್ಮ ಉಪ್ಪು ಬಡಿಸಲು ಬಗ್ಗಿದಳು, ಬಗ್ಗಿದವಳು ಅಲ್ಲೇ ನಿಂತಳು. ಅವಳ ಮುಖ ನನ್ನ ಮುಖದ ಹತ್ತಿರವೇ ಇತ್ತು.

"ಇದು ಯಾವಾಗ ಬಂದದ್ದು?" ಎಂದಳು, ನನ್ನ ಕಣ್ಣಿನ ಕೆಳಗೆ ಬೆರಳಿಟ್ಟು. ಬೆರಳಲ್ಲಿ ಉಪ್ಪಿತ್ತು.

"ಮಚ್ಚೆ ಅಮ್ಮಾ. ಹುಟ್ಟಿದಾಗಿನಿಂದ ಉಂಟು."

"ಅವಳಿಗೆ ಇರ್ಲಿಲ್ಲ."

"ಇಲ್ಲ. ನನಗೆ ಉಂಟು."

ಅಮ್ಮ ತುಂಬ ಹೊತ್ತು ನೋಡಿದಳು, ಮನೆಗೆ ಮೊದಲ ಸಲ ಬಂದವರನ್ನು ನೋಡುವಂತೆ. ಆಮೇಲೆ ಉಪ್ಪಿನ ಬಟ್ಟಲು ಕೆಳಗಿಟ್ಟು, ನನ್ನ ಖಾಲಿ ಎಲೆಯ ಎರಡು ಅಂಚನ್ನೂ ಹಿಡಿದು, ತುದಿ ಎಡಕ್ಕೆ ಬರುವಂತೆ ಮೆಲ್ಲಗೆ ತಿರುಗಿಸಿದಳು.