ಮರಳಿ ಬಂದವರ ಚೀಟಿ ಎಲ್ಲಿ?

ವೇಲಿಕಾಳಿಗೆ ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಚಳಿಗಾಲಕ್ಕೆ ಜಾಡಿಯಲ್ಲಿ ತುಂಬಿಡಲೆಂದು ಅಂಗಳದಲ್ಲಿ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡಲು ಇಟ್ಟು ಒಳಗೆ ಹೋಗುತ್ತಾಳೆ. ಹೋದದ್ದು ಯಾಕೆಂದು ಮರೆತು ಹೊರಗೆ ಬರುತ್ತಾಳೆ. ಅಷ್ಟರಲ್ಲಿ ಕಾಯೆಲ್ಲ ಕರಕಲು.

ಗಂಡ ಮಿಂಕೊಗೆ ಬೇಸಿಗೆಯಿಂದಲೂ ಮಲದಲ್ಲಿ ರಕ್ತ. ಮೂಲವ್ಯಾಧಿ ಇರಬೇಕೆಂದು ಸುಮ್ಮನಿದ್ದರು. ಈಗ ನೋಡಿದರೆ ಕರುಳಿನಲ್ಲಿ ಗಡ್ಡೆ. ನಾಳೆ ಬೆಳಗಿನ ಬಸ್ಸಿಗೆ ಹೊರಟು ಜಿಲ್ಲಾ ಆಸ್ಪತ್ರೆ ಸೇರಬೇಕು. ಗುರುವಾರ ಆಪರೇಷನ್.

"ನೀನು ಹೋಗಕೂಡ್ದು. ರಾಜಧಾನಿ ಸೋಫಿಯಾದ ದೊಡ್ಡಾಸ್ಪತ್ರೆ ಆಗಿದ್ರೆ ಬೇರೆ ಮಾತು. ಈ ಮೆಣಸಿನಕಾಯಿ ಕೆಲ್ಸ ಮುಗೀಲಿ, ಆಮೇಲೆ ನೋಡೋಣ," ಎಂದಳು ವೇಲಿಕಾ.

"ಗಡ್ಡೆ ಕಾಯುತ್ತಾ, ನಿನ್ನ ಮೆಣಸಿನಕಾಯಿ ಮುಗಿಯೋವರ್ಗೂ?" ಎಂದ ಮಿಂಕೊ. ಸೊರಗಿದ ಸೊಂಟಕ್ಕೆ ಬೆಲ್ಟು ನಿಲ್ಲದೆ ಹೊಸದಾಗಿ ಮೂರು ತೂತು ಹೊಡೆದಿದ್ದ.

ಆಗಲೇ ಊರಿನ ನರ್ಸ್ ದೋಂಕಾ ಬಂದಳು. ವೇಲಿಕಾ ಅವಳ ಮೇಲೆ ಹರಿಹಾಯ್ದಳು.

"ಆ ಆಸ್ಪತ್ರೇಲಿ ಕರುಳು ಕೊಯ್ಯಿಸ್ಕೊಂಡೋರೆಲ್ಲ ಎಲ್ಲಿದಾರೆ ಗೊತ್ತೇನಮ್ಮ? ಬಸ್ ನಿಲ್ದಾಣದ ಗೋಡೆ ಮೇಲೆ! ದಿನಾ ಬ್ರೆಡ್ಡಿಗೆ ಹೋದಾಗ ನೋಡ್ತೀನಲ್ಲ. ಒಂಬತ್ತು ಸಾವಿನ ಚೀಟಿ!"

"ಬನ್ನಿ ವೇಲಿಕಕ್ಕ, ಇಬ್ರೂ ಹೋಗಿ ಎಣಿಸೋಣ."

ಗೋಡೆಯ ತುಂಬ, ಊರಲ್ಲಿ ಯಾರಾದರೂ ಸತ್ತರೆ ಮನೆಯವರು ಅಂಟಿಸುವ ಕಪ್ಪು ಅಂಚಿನ ಚೀಟಿಗಳು, ಒಂದೊಂದರಲ್ಲೂ ಒಂದು ಫೋಟೊ. ದೋಂಕಾ ಬೆರಳಿಟ್ಟಳು. "ಇದು ಯಾರು?"

"ಪೆಂಚೊ."

"ಇದು?"

"ಅವಂದೇ. ನಲವತ್ತನೇ ದಿನದ ಸ್ಮರಣೆಗೆ ಅಂಟಿಸಿದ್ದು."

"ಇವೆರಡು?"

"ಆರು ತಿಂಗಳಿಂದು... ವರ್ಷದ್ದು." ವೇಲಿಕಾಳ ದನಿ ತಗ್ಗಿತು. ಉಳಿದ ಐದೂ ರಂಗೇಲ್ ತಾತನವು. ಚೀಟಿ ಒಂಬತ್ತು, ಸತ್ತವರು ಇಬ್ಬರು.

"ಅವರಿಬ್ರೂ ಆಸ್ಪತ್ರೆಗೆ ಹೋಗಿದ್ದು ಯಾವಾಗ ಹೇಳಿ? ಹೆದರಿ ತಿಂಗಳುಗಟ್ಟಲೆ ಮನೇಲೇ ಕೂತು, ಕರುಳು ಕಟ್ಟಿ ಹೊಟ್ಟೆ ಉಬ್ಬಿದ ಮೇಲೆ. ಆಪರೇಷನ್ನಲ್ಲಿ ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಬೇಗ ಹೋದೋರಲ್ಲಿ ಹೆಚ್ಚಿನೋರು ನಡ್ಕೊಂಡೇ ಮನೆಗೆ ಬರ್ತಾರೆ."

"ಹಾಗೆ ಬಂದೋರು ಎಲ್ಲಿದಾರೆ, ತೋರಿಸು!"

"ಬದುಕಿ ಬಂದೋರು ಗೋಡೆಗೆ ಚೀಟಿ ಅಂಟಿಸ್ತಾರೇನಕ್ಕ?"

ನಿಲ್ದಾಣದ ಬೆಂಚಿನ ಮೇಲೆ ಹೆಂಚು ಹೊದಿಸುವ ನೈದೆನ್ ಕೂತಿದ್ದ. ಎಲ್ಲ ಕೇಳಿಸಿಕೊಂಡು ಎದ್ದು ಬಂದ. ಅಂಗಿ ಎತ್ತಿದ. ಹೊಟ್ಟೆಯ ಮೇಲೆ ಉದ್ದನೆಯ ಗಾಯದ ಗುರುತು, ಪಕ್ಕದಲ್ಲಿ ಮಲ ಬಂದು ಸೇರಲು ಅಂಟಿಸಿದ ಪುಟ್ಟ ಚೀಲ.

"ಮೂರು ವರ್ಷ ಆಯ್ತು ಅಕ್ಕ. ಅದೇ ಆಸ್ಪತ್ರೆ. ಎಲ್ಲರಿಗೂ ಚೀಲ ಬೇಕಾಗಲ್ಲ, ನಂಗೆ ಬೇಕಾಯ್ತು. ನಾಚ್ಕೊಂಡು ಯಾರಿಗೂ ಹೇಳ್ಲಿಲ್ಲ."

"ಮೊನ್ನೆ ಮದುವೇಲಿ ಎಲ್ಲರ ಮುಂದೆ ನಿಂತು ಕುಣಿದ್ಯಲ್ಲೋ!"

"ಚೀಲಾನೂ ಕುಣೀತು."

ವೇಲಿಕಾಳಿಗೆ ನಗು ಬಂತು. ಮರುಗಳಿಗೆಯೇ ಸಿಟ್ಟು ಬಂತು. "ಪೆಂಚೊ ದಿನಾ ಇದೇ ಬೆಂಚಿನ ಮೇಲೆ ನಿನ್ನ ಪಕ್ಕ ಕೂರ್ತಿದ್ದ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ನೈದೆನ್ ಪೆಂಚೊನ ಫೋಟೊ ನೋಡಿದ. ಅಂಗಿ ಇಳಿಸಿಕೊಂಡು ಮನೆಯ ಕಡೆ ನಡೆದ.

ಮರುದಿನ ಬೆಳಿಗ್ಗೆ ಮಿಂಕೊನನ್ನು ಬಸ್ಸು ಹತ್ತಿಸಲು ಬಂದಾಗ ಗೋಡೆಯ ಮೇಲೆ ಹತ್ತನೇ ಚೀಟಿ ಇತ್ತು: "ನಾನು ನೈದೆನ್. ಕರುಳಿನ ಆಪರೇಷನ್ ಆಗಿ ಮೂರು ವರ್ಷ. ಬದುಕಿದ್ದೇನೆ. ಏನಾದರೂ ಕೇಳುವುದಿದ್ದರೆ ನೀಲಿ ಗೇಟಿನ ಮನೆಗೆ ಬನ್ನಿ." ವೇಲಿಕಾ ಅದನ್ನು ಎರಡು ಸಲ ಓದಿ, ತಾನೂ ಬಸ್ಸು ಹತ್ತಿದಳು.

ಒಂಬತ್ತನೇ ದಿನ ಮಿಂಕೊ ಅದೇ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದ, ಹೊಟ್ಟೆಗೆ ಕೈ ಆನಿಸಿಕೊಂಡು, ಮೆಲ್ಲಗೆ. "ನನ್ನ ಚೀಟಿ ಎಲ್ಲೇ?" ಎಂದ. ದಾರಿಯಲ್ಲೇ ಬರೆದಿಟ್ಟಿದ್ದ ಚೀಟಿಯನ್ನು ವೇಲಿಕಾ ಜೇಬಿನಿಂದ ತೆಗೆದಳು. ಅದನ್ನು ನೈದೆನ್‌ನ ಚೀಟಿಯ ಪಕ್ಕದಲ್ಲೇ ಅಂಟಿಸಿದಳು.

ಬಂಧುಗಳೇ, ಮಲದಲ್ಲಿ ರಕ್ತ ಕಂಡರೆ, ಮೂರು ವಾರ ಹೊಟ್ಟೆಯ ಕ್ರಮ ತಪ್ಪಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ. ಇಂದೇ ವೈದ್ಯರಿಗೆ ತೋರಿಸಿ. ಇಂಥ ಆಪರೇಷನ್ ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ಜನ ಗುಣವಾಗಿ ಮನೆಗೆ ಹೋದರು ಎಂದು ಧೈರ್ಯವಾಗಿ ಕೇಳಿ. ಗುಣವಾಗಿ ಬಂದವರು ನೀವಾಗಿದ್ದರೆ ನಾಚಿಕೆ ಬಿಟ್ಟು ಹೇಳಿ. ನಿಮ್ಮ ಪಕ್ಕದ ಬೆಂಚಿನಲ್ಲೂ ಒಬ್ಬ ಪೆಂಚೊ ಹೆದರಿ ಕೂತಿರಬಹುದು.