ಹೊಟ್ಟೆಯೊಳಗಿನ ಹಲ್ಲು

ನೀವು ಮನುಷ್ಯರೇ ಎಂದು ವೆಬ್‌ಸೈಟು ಮತ್ತೆ ಕೇಳಿತು. ಸಿಗ್ನಲ್ ದೀಪ ಇರುವ ಚೌಕಗಳನ್ನೆಲ್ಲ ಒತ್ತಿ ತೋರಿಸಬೇಕಂತೆ. ಒಂದು ಚೌಕದಲ್ಲಿ ದೀಪವಿರಲಿಲ್ಲ, ಬರೀ ಕಂಬವಿತ್ತು. ಕಂಬವೂ ದೀಪದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ಹಿಂದಿನ ಕುರ್ಚಿಯಿಂದ ಮಗಳು, "ಕಂಬ ಬೇಡ" ಎಂದಳು. ತಾನೇ ಏರಿಸಿದ್ದ ಚಿತ್ರಗಳಲ್ಲಿ ಒಂದಷ್ಟು ಅಳಿಸಿದರೆ ಸಾಕು, ಈ ಪರೀಕ್ಷೆ ಎದುರಾಗುತ್ತಿತ್ತು. ಅದರ ಮೇಲೆ ಪ್ರತಿಯೊಂದಕ್ಕೂ 'ಖಚಿತವೇ?' ಎಂಬ ಪ್ರಶ್ನೆ ಬೇರೆ. ಏರಿಸುವಾಗ ಒಂದು ದಿನವೂ ಏನೂ ಕೇಳದ ಸೈಟು ಅಳಿಸುವಾಗ ಮಾತ್ರ ಹೊಸ ಗುಮಾಸ್ತನ ಹಾಗೆ ತಕರಾರು ತೆಗೆಯುತ್ತಿತ್ತು.

ವಾರವಿಡೀ ಅವನದು ಕನ್ನಡಕದ ಅಂಗಡಿಯಲ್ಲಿ ಮಂದಿಯ ಮೂಗು, ಕಿವಿಗಳ ಅಳತೆ ತೆಗೆಯುವ ಕೆಲಸ. ಭಾನುವಾರ ಮಾತ್ರ ಕಾಮಿಕ್ಸ್. ಮಗಳಿಗೆ ಮಾತು ಬಂದ ವರ್ಷದಿಂದ ಪ್ರತಿ ಭಾನುವಾರ ಅವಳನ್ನೇ ಇಟ್ಟುಕೊಂಡು ನಾಲ್ಕು ಚೌಕದ ಕಥೆ ಬರೆದು, ಸ್ಕ್ಯಾನ್ ಮಾಡಿ ಏರಿಸುತ್ತ ಬಂದಿದ್ದ. ಹೆಸರು 'ಚೂಟಿ'. ಮನೆಯಲ್ಲಿ ಮಗಳನ್ನು ಕರೆಯುತ್ತಿದ್ದದ್ದೂ ಹಾಗೇ, ಈಗ ಕರೆದರೆ ಓಗೊಡುವುದಿಲ್ಲ ಅಷ್ಟೆ. ಓದುಗರೇನೂ ಮುಗಿಬಿದ್ದಿರಲಿಲ್ಲ. ಆದರೂ ಅವನು ಎಲ್ಲವನ್ನೂ ವರ್ಷವಾರು ವಿಂಗಡಿಸಿ, ಒಂದೊಂದಕ್ಕೂ ಶೀರ್ಷಿಕೆ ಕೊಟ್ಟು, ಯಾರು ಯಾವುದನ್ನು ಹುಡುಕಿದರೂ ತಟ್ಟನೆ ಸಿಗುವ ಹಾಗೆ ಜೋಡಿಸಿಟ್ಟಿದ್ದ. ಅಂಗಡಿಯ ಮಾಲೀಕ ನೋಡಿದ್ದರೆ ಈ ಶ್ರದ್ಧೆಯನ್ನು ನನ್ನ ಕಪಾಟಿನ ಮೇಲೂ ಸ್ವಲ್ಪ ತೋರಿಸಪ್ಪಾ ಎನ್ನುತ್ತಿದ್ದ.

ಎಡವಟ್ಟಾದದ್ದು ಹಲ್ಲಿನಿಂದ. ಚಿಕ್ಕವಳಿದ್ದಾಗ ಚೂಟಿ ಅಲುಗಾಡುತ್ತಿದ್ದ ಹಲ್ಲನ್ನು ಬ್ರೆಡ್ಡಿನ ಜೊತೆ ನುಂಗಿಬಿಟ್ಟಿದ್ದಳು. ಅದು ಒಳಗೆ ಬೇರುಬಿಟ್ಟು ಹೊಟ್ಟೆಯೇ ತನ್ನನ್ನು ಕಚ್ಚುತ್ತದೆ ಎಂದು ಹೆದರಿ, ಹೊಟ್ಟೆ ಸವರುತ್ತ "ಕಚ್ಬೇಡಮ್ಮ, ಜಾಣೆ ಅಲ್ವಾ" ಎಂದು ಬೆಣ್ಣೆ ಹಚ್ಚುತ್ತಿದ್ದಳು. ಆ ಕಾಮಿಕ್ಸ್ ಎಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಮೊನ್ನೆ ಅದು ಹೇಗೋ ಮಗಳ ತರಗತಿಯ ಹುಡುಗರ ಫೋನುಗಳಿಗೆ ಹೋಗಿಬಿಟ್ಟಿತ್ತು. ಅವಳೀಗ ಹೈಸ್ಕೂಲಿನ ಹುಡುಗಿ; ಕಾರಿಡಾರಿನಲ್ಲಿ ಕಾಣಿಸಿಕೊಂಡರೆ ಸಾಕು, ಹೊಟ್ಟೆ ಹಿಡಿದುಕೊಂಡು "ಕಚ್ಬೇಡಮ್ಮ" ಎನ್ನುವವರೇ ಎಲ್ಲರೂ.

ಅವನು ಅದೊಂದನ್ನು ಅಳಿಸಿ, ಮುಗಿಯಿತಲ್ಲ ಎಂದು ನಿರಾಳನಾದ. ಮಾರನೇ ದಿನ ಆ ಹುಡುಗರು ಇನ್ನೊಂದನ್ನು ಹುಡುಕಿದರು, ಚೂಟಿ ಕಮೋಡಿನ ಮೇಲೆ ಕುಳಿತು ಹಾಡುವುದನ್ನು. ಸಂಗ್ರಹ ಅಷ್ಟು ಒಪ್ಪವಾಗಿರುವಾಗ ಹುಡುಕುವುದೇನು ಮಹಾ? ಮಗಳು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದು ಕುಳಿತಳು. ಎಲ್ಲವೂ ಹೋಗಬೇಕು, ಒಂದೂ ಉಳಿಯಕೂಡದು ಎಂದಳು.

ಅವನಿಗೆ ರೇಗಿತು. ನಾಲ್ಕು ದಿನ ಕಿಚಾಯಿಸಿ ಮರೆಯುವ ಹುಡುಗರಿಗಾಗಿ ಹತ್ತು ವರ್ಷದ ಕೆಲಸವನ್ನು ನೀರುಪಾಲು ಮಾಡಬೇಕೇ? ಹೆಂಡತಿಯನ್ನು ಪಂಚಾಯಿತಿಗೆ ಕರೆದ. ಅವಳು ಬಟ್ಟೆ ಮಡಚುತ್ತ, ತನ್ನನ್ನು ಬರೆಯಬೇಡಿ ಎಂದು ಮೊದಲ ದಿನವೇ ಹೇಳಿದ್ದರಿಂದ ತಾನು ಬಚಾವಾದೆ, ಆ ಮಗುವಿಗೆ ಆಗ ಹೇಳಲು ತಿಳಿಯಲಿಲ್ಲ, ಈಗ ತಿಳಿದಿದೆ ಎಂದಳು. ಅವಳಿಂದ ನ್ಯಾಯ ಸಿಗುವ ಹಾಗೆ ಕಾಣಲಿಲ್ಲ.

"ಅದು ನಿನ್ನ ಮುಖಾನಾ? ಒಂದು ಸೊನ್ನೆ, ಎರಡು ಚುಕ್ಕೆ" ಎಂದು ಮಗಳ ಜೊತೆ ವಾದಕ್ಕಿಳಿದ.

"ನಾನೇ ಅಂತ ಎಲ್ರಿಗೂ ಗೊತ್ತಾಯ್ತಲ್ಲಪ್ಪಾ."

"ಇಲ್ಲಿ ಅಳಿಸಿದ್ರೂ ಆ ಹುಡುಗ್ರ ಫೋನಲ್ಲಿ ಇದ್ದೇ ಇರುತ್ತೆ."

"ಅವರ ಹತ್ರ ಇದ್ರೆ ಇರ್ಲಿ. ಅವರು ನನ್ನ ಅಪ್ಪ ಅಲ್ಲ."

ಅವನ ಸಿಟ್ಟು ಇನ್ನೂ ಹೆಚ್ಚಾಯಿತು. ಆದರೂ ಭಾನುವಾರ ತಿಂಡಿ ಮುಗಿಸಿದವನೇ ಎಲ್ಲವನ್ನೂ ಅಳಿಸಲು ಕಂಪ್ಯೂಟರಿನ ಮುಂದೆ ಕುಳಿತ. ಮಗಳು ಹಿಂದೊಂದು ಕುರ್ಚಿ ಎಳೆದುಕೊಂಡು ಕಾವಲಿಗೆ ಕುಳಿತಳು.

ಒತ್ತು, ಖಚಿತವೇ, ಹೌದು. ಒತ್ತು, ಖಚಿತವೇ, ಹೌದು. ಮಧ್ಯಾಹ್ನದ ಹೊತ್ತಿಗೆ ಬೆರಳು ಮರಗಟ್ಟಿತ್ತು. ಒಂದು ಚಿತ್ರದಲ್ಲಿ ಚೂಟಿ ಸ್ನಾನದ ಮನೆಯೊಳಗೆ ಛತ್ರಿ ಬಿಡಿಸಿಕೊಂಡು ನಿಂತಿದ್ದಳು, ನೀರು ಬೇಕು ಆದರೆ ಒದ್ದೆಯಾಗುವುದು ಬೇಡ ಎಂದು. ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು.

"ಇದೊಂದು ಇರ್ಲಾ?" ತಿರುಗಿ ನೋಡದೆ ಕೇಳಿದ.

ಹಿಂದಿನ ಕುರ್ಚಿ ಕಿರುಗುಟ್ಟುತ್ತ ಹತ್ತಿರ ಸರಿಯಿತು. "ಬೇಡ."

ಒತ್ತಿದ. ನೆಟ್ಟಗೆ ಅಳುವುದಕ್ಕೂ ಬಿಡದೆ ಸೈಟು ಅಡ್ಡ ಬಂದು, ಬಸ್ಸುಗಳಿರುವ ಚೌಕಗಳನ್ನು ತೋರಿಸಿ ಎಂದಿತು.

ಸಂಜೆಗೆ ಎಲ್ಲ ಮುಗಿಯಿತು. 'ಇಲ್ಲಿ ಇನ್ನೂ ಏನೂ ಇಲ್ಲ, ನಿಮ್ಮ ಮೊದಲ ಚಿತ್ರ ಏರಿಸಿ' ಎಂದು ಸೈಟು ಅವನನ್ನು ಹುರಿದುಂಬಿಸಿತು. ಕಾಗದದ ಮೇಲಿರುವುದನ್ನು ಬೇಕಾದರೆ ಇಟ್ಟುಕೋ, ಯಾರಿಗೂ ತೋರಿಸಬೇಡ ಎಂದು ಹೇಳಿ ಮಗಳು ಎದ್ದು ಹೋದಳು. ಮಾರನೇ ದಿನ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಳು. ಸಂಜೆ ಹೇಗಿತ್ತೆಂದು ಕೇಳಿದ್ದಕ್ಕೆ "ಇತ್ತು" ಎಂದಳು.

ಮುಂದಿನ ಭಾನುವಾರ ಬಂತು. ಏನನ್ನೂ ಬರೆಯುವುದಿಲ್ಲ ಎಂದು ವಾರವೆಲ್ಲ ಸಿಡುಕಿಕೊಂಡಿದ್ದವನು ಆ ಹೊತ್ತಿಗೆ ಸರಿಯಾಗಿ ಮೇಜಿನ ಮುಂದೆ ಕುಳಿತಿದ್ದ. ಕೈ ತಾನಾಗಿಯೇ ಒಂದು ಸೊನ್ನೆ ಸುತ್ತಿತು. ಹರಿದು ಹಾಕಿದ. ಬೇರೆಯವರ ಗೊಡವೆಯೇ ಬೇಡ, ತನ್ನನ್ನೇ ಬರೆದುಕೊಳ್ಳುತ್ತೇನೆಂದು ಚಪ್ಪಲಿಯಿಂದ ಶುರುಮಾಡಿದ. ಪ್ಯಾಂಟು ಬಂತು, ಹೊಟ್ಟೆ ಬಂತು, ಅಲ್ಲಿಗೆ ಪೆನ್ಸಿಲು ನಿಂತಿತು. ಇಷ್ಟು ವರ್ಷ ಅವನು ಎಲ್ಲವನ್ನೂ ಮಗುವಿನ ಎತ್ತರದಿಂದಲೇ ಬರೆದಿದ್ದ. ದೊಡ್ಡವರೆಂದರೆ ಚೌಕದ ಮೇಲಂಚಿನವರೆಗೆ ಬರುವ ಕಾಲು, ಸೊಂಟ, ಕೆಳಗೆ ಚಾಚಿದ ಒಂದು ಕೈ. ಕಂಡವರ ಮೂಗನ್ನೆಲ್ಲ ಅಳೆಯುವವನಿಗೆ ತನ್ನ ಮೂಗು ಹೇಗಿದೆ ಎಂಬುದೇ ನೆನಪಿಗೆ ಬರಲಿಲ್ಲ.

ಕಾಗದ, ಪೆನ್ಸಿಲು ಹಿಡಿದು ನಡುಮನೆಯ ಕನ್ನಡಿಯ ಬಳಿ ಹೋದ. ಅಲ್ಲಿ ಮಗಳು ಗೆಳತಿಯ ಮನೆಗೆ ಹೊರಟು ತಲೆ ಬಾಚಿಕೊಳ್ಳುತ್ತಿದ್ದಳು. ಕನ್ನಡಿಯಲ್ಲೇ ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದಳು.

"ನನ್ನ ಬರೀತಿಲ್ಲ ತಾನೇ?"

"ಇಲ್ಲ. ನನ್ನನ್ನೇ."

ಅವಳು ಹಲ್ಲಲ್ಲಿ ಕ್ಲಿಪ್ಪು ಕಚ್ಚಿಕೊಂಡು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನು ಹೋಗಿ ನಿಂತ. ಪಕ್ಕದಲ್ಲಿ ಬಾಚಣಿಗೆ ಏರಿಳಿಯುತ್ತಿತ್ತು. ಕಣ್ಣು ಆ ಕಡೆಗೆ ಹೋಗದಂತೆ ನೋಡಿಕೊಳ್ಳುತ್ತ ಅವನು ಮೂಗಿನಿಂದ ಶುರುಮಾಡಿದ.