ಗೊತ್ತಿಲ್ಲದವರ ಕೈ

ಬೇಸಿಗೆಯ ತರಬೇತಿ ಮುಗಿಯಿತು. ಬೀಳ್ಕೊಡುಗೆ ಸಮಾರಂಭದಲ್ಲಿ ಎಲ್ಲರೂ ಪ್ರಾಂಶುಪಾಲರಿಗೆ, ಉಪನ್ಯಾಸಕರಿಗೆ, ಕೊನೆಗೆ ಮೈಕ್ ಸೆಟ್ಟಿನವನಿಗೂ ಬಿಡದೆ ವಂದನೆ ಸಲ್ಲಿಸಿದರು. ನನ್ನ ಸರದಿ ಬಂದಾಗ ಬರೀ ನಮಸ್ಕಾರ ಹಾಕಿ ಕೆಳಗಿಳಿದುಬಿಟ್ಟೆ. ವಟವಟ ಅನ್ನುವ ದ್ರಾಕ್ಷಾಯಣಿಗೆ ಇದೇನಾಯ್ತಪ್ಪಾ ಎಂದು ಎಲ್ಲರಿಗೂ ಆಶ್ಚರ್ಯ. ನಾನು ವಂದಿಸಬೇಕಾದವಳು ಆ ಸಭೆಯಲ್ಲಿ ಇರಲೇ ಇಲ್ಲ. ಅವಳು ಹಾರನಹಳ್ಳಿ ಕಡೆಯ ಶಾಲೆಯೊಂದರ ಏಳನೇ ಕ್ಲಾಸಿನ ದಿವ್ಯಾ.

ಮಗ ಸ್ಕೂಲಿಗೆ ಹೋಗುವಷ್ಟು ದೊಡ್ಡವನಾದ ಮೇಲೆ ಬಿ.ಎಡ್. ಸೇರಿದವಳು ನಾನು. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಸೊಸೆ ಓದಿ ಏನು ಕಡಿದು ಕಟ್ಟೆ ಹಾಕಬೇಕು ಎಂದವರ ಬಾಯಿ ಮುಚ್ಚಿಸಿದ್ದು ಅತ್ತೆ ಶಿವಗಂಗಮ್ಮ. ನಾನು ಆ ಶಾಲೆಯ ಬೇಸಿಗೆ ತರಗತಿಯಲ್ಲಿ ಪಾಠ ಮಾಡಿ ಕಲಿಯುವಾಗ ಅಡುಗೆ, ಮಗ ಎಲ್ಲ ಅವರ ಪಾಲಿಗೇ ಬಿತ್ತು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೇಳುತ್ತಿದ್ದರು: "ಈ ಬೇಸ್ಗೆ ಹೆಂಗೋ ದಾಟಿಸ್ತೀನಿ ಕಣಮ್ಮ. ಇನ್ನೊಂದು ಬೇಸ್ಗೆ ನನ್ ಕೈಲಾಗಲ್ಲ." ಪರೀಕ್ಷಕರು ಬಂದು ನೋಡುವ ಅಂತಿಮ ಪಾಠದಲ್ಲಿ ಫೇಲಾದರೆ ಇನ್ನೊಂದು ಬೇಸಿಗೆಯೇ ಗತಿ. ಅಲ್ಲಿಗೆ ನಾನು ಟೀಚರ್ ಆದಂತೆಯೇ!

ಭಯಕ್ಕೆ ಮದ್ದು ಹೇಳಿಕೊಟ್ಟವಳು ಬಿಕ್ಕೋಡಿನ ಗೆಳತಿ ಶ್ಯಾಮಲಾ. ಟ್ರೇನಿಗಳಲ್ಲಿ ಹಿಂದಿನಿಂದಲೂ ನಡೆದುಬಂದ ಉಪಾಯ ಅದು. "ಮಕ್ಳಿಗೆ ಮೊದ್ಲೇ ಹೇಳಿಟ್ಬಿಡು ಕಣೇ. ಪ್ರಶ್ನೆ ಕೇಳ್ದಾಗ ಗೊತ್ತಿದ್ದೋರು ಬಲಗೈ ಎತ್ಲಿ, ಗೊತ್ತಿಲ್ದೋರು ಎಡಗೈ ಎತ್ಲಿ. ಸರ್‌ಗೆ ಇಡೀ ಕ್ಲಾಸೇ ಕೈ ಎತ್ತಿರೋದು ಕಾಣುತ್ತೆ. ನೀನು ಬಲಗೈಯೋರ್ನ ಮಾತ್ರ ಎಬ್ಸು, ಮುಗೀತು."

ಅಂತಿಮ ಪಾಠದ ಹಿಂದಿನ ದಿನ ಮಕ್ಕಳಿಗೆ ಗುಟ್ಟು ಹೇಳುವಾಗ ಹೆಡ್‌ಮಾಸ್ಟರು ವರಾಂಡದಲ್ಲಿ ಓಡಾಡುತ್ತಿದ್ದರು. ಎಡ, ಬಲ ಎಂದು ಜೋರಾಗಿ ಹೇಳುವ ಹಾಗಿಲ್ಲ. ಮಕ್ಕಳೆದುರು ನಿಂತು ನನ್ನ ಬಲಗೈ ಎತ್ತಿ "ಗೊತ್ತಿದ್ರೆ ಈ ಕೈ" ಎಂದು ಪಿಸುಗುಟ್ಟಿದೆ. ಎಡಗೈ ಎತ್ತಿ "ಗೊತ್ತಿಲ್ದಿದ್ರೆ ಈ ಕೈ" ಎಂದೆ. ಎಲ್ಲರೂ ತಲೆಯಾಡಿಸಿದರು.

ಮರುದಿನ ಪಾಠ, ಕನ್ನಡಿಯ ಬಿಂಬ. ಗೋಡೆಗೆ ಬೇಲೂರಿನ ದರ್ಪಣಸುಂದರಿಯ ಚಿತ್ರ ಅಂಟಿಸಿದ್ದೆ. "ಮಿಸ್, ಇವಳ್ನ ಎಲ್ಲಾ ಮಿಸ್ಸುಗಳೂ ತರ್ತಾರೆ" ಎಂದು ಮುಂದಿನ ಬೆಂಚು ಕಿಸಕ್ಕನೆ ನಕ್ಕಿತು. ಪರೀಕ್ಷಕರಾದ ಚನ್ನಬಸವಯ್ಯ ಸರ್ ಹಿಂದಿನ ಬೆಂಚಿನಲ್ಲಿ ಗಂಟುಮುಖ ಹಾಕಿಕೊಂಡು ಕೂತಿದ್ದರು.

"ಕನ್ನಡಿ ಮುಂದೆ ನಿಂತು ಬಲಗೈ ಎತ್ತಿದರೆ ಬಿಂಬ ಯಾವ ಕೈ ಎತ್ತಿದ ಹಾಗೆ ಕಾಣುತ್ತೆ?"

ಇಡೀ ಕ್ಲಾಸಿನ ಕೈ ಮೇಲೆ! ನನ್ನ ಎದೆಯೂ ಅಷ್ಟೇ ಮೇಲೆ. ಬಲಗೈ ಎತ್ತಿದ್ದವನೊಬ್ಬನನ್ನು ಎಬ್ಬಿಸಿದೆ. ಮಿಕಮಿಕ ನೋಡಿದ. ಇನ್ನೊಬ್ಬಳನ್ನು ಎಬ್ಬಿಸಿದೆ, ಅವಳೂ ಅಷ್ಟೆ. ಕಿಟಕಿ ಪಕ್ಕ ದಿವ್ಯಾಳ ಬಲಗೈ ಕಂಡಿತು. ಇಡೀ ಬೇಸಿಗೆ ತುಟಿಪಿಟಕ್ ಅನ್ನದ ಹುಡುಗಿ! ಇವಳಿಗಾದರೂ ಗೊತ್ತಿದೆಯಲ್ಲ, ಬದುಕಿದೆ ಎಂದುಕೊಂಡು ಎಬ್ಬಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು.

"ಮಿಸ್, ನಾನು ಗೊತ್ತಿಲ್ದೋರ್ ಕೈ ಎತ್ತಿವ್ನಿ. ನೀವ್ಯಾಕೆ ನನ್ನೇ ಎಬ್ಬುಸ್ತೀರ?"

ಕ್ಲಾಸು ಗೊಳ್ ಎಂದಿತು. ಸರ್ ಪೆನ್ನು ಕೆಳಗಿಟ್ಟರು.

"ಗೊತ್ತಿಲ್ದೋರ್ ಕೈ ಅದಲ್ಲ ಕಣೇ" ಎಂದೆ, ಮರ್ಯಾದೆ ಹೇಗೂ ಹೋಗಿತ್ತು.

"ನೀವೇ ತೋರ್ಸಿದ್ರಲ್ಲ ಮಿಸ್! ಕಿಟಕಿ ಕಡೆ ಕೈ."

ಆಗ ಹೊಳೆಯಿತು. ನಾನು ಅವರ ಎದುರು ನಿಂತಿದ್ದೆ. ನನ್ನ ಎಡಗೈ ಕಿಟಕಿಯ ಕಡೆಗಿತ್ತು. ಅವರಿಗೆ ಅದೇ ಕಡೆ ಇದ್ದದ್ದು ಬಲಗೈ. ಅಯ್ಯೋ ನನ್ನ ಬುದ್ಧಿಗಿಷ್ಟು, ಕನ್ನಡಿ ಪಾಠ ಮಾಡಲು ಬಂದ ನಾನೇ ಕನ್ನಡಿಯಾಗಿದ್ದೆ!

ಪಾಠಯೋಜನೆ ಮೇಜಿನ ಮೇಲೇ ಉಳಿಯಿತು. ದಿವ್ಯಾಳನ್ನು ಕರೆದು ಎದುರು ನಿಲ್ಲಿಸಿಕೊಂಡೆ. ನಾನು ಬಲಗೈ ಎತ್ತಿದೆ. "ನೀನು ನನ್ನ ಬಿಂಬ. ಅದೇ ಕಡೆ ಕೈ ಎತ್ತು." ಎತ್ತಿದಳು. "ಹಾಗೇ ಇಟ್ಕೊಂಡು ನನ್ನ ಪಕ್ಕಕ್ಕೆ ಬಂದು ಎಲ್ಲರ ಕಡೆ ತಿರುಗು." ಬಂದಳು, ತಿರುಗಿದಳು, ತನ್ನ ಕೈಯನ್ನೊಮ್ಮೆ ನನ್ನ ಕೈಯನ್ನೊಮ್ಮೆ ನೋಡಿದಳು.

"ಅಯ್ಯ! ನಂದು ಎಡಗೈ!" ಎಂದು ಕೂಗಿದಳು. ಆಮೇಲೆ ಎಲ್ಲರಿಗೂ ಬಿಂಬವಾಗುವ ಹುಚ್ಚು. ಗಂಟೆ ಬಾರಿಸಿದ್ದೇ ಕೇಳಲಿಲ್ಲ.

ಸರ್ ನನ್ನನ್ನು ಹೊರಗೆ ಕರೆದರು. "ಕೈ ಎತ್ತಿಸೋ ಉಪಾಯಕ್ಕೆ ನಂಬರ್ ಕಳೀತೀನಿ ಕಣಮ್ಮ, ಬೇಜಾರ್ ಮಾಡ್ಕೋಬೇಡ. ಅಂತಿಮ ಪಾಠದಲ್ಲಿ ಎಲ್ಲಾ ಮಕ್ಳೂ ಗೊತ್ತು ಅಂತಾನೇ ಹೇಳೋದು ನೋಡಿ ನೋಡಿ ಸಾಕಾಗಿತ್ತು. ಇವತ್ತು ಒಂದು ಮಗು ಗೊತ್ತಿಲ್ಲ ಅಂತು, ನೀನು ಕಲಿಸ್ದೆ. ಪಾಸು, ಹೋಗು." ಕಾಲಿಗೆ ಬೀಳಲು ಹೋದೆ, ಗದರಿಸಿಬಿಟ್ಟರು.

ಮನೆಯಲ್ಲಿ ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಣ್ಣೊರೆಸಿಕೊಂಡು, "ಆ ಮಗೀಗೆ ಬರಿಗೈಲಿ ಮುಖ ತೋರುಸ್ಬೇಡ" ಎಂದು ನೋವಿನ ಕಾಲಲ್ಲೇ ಒಲೆ ಮುಂದೆ ನಿಂತು ಕೊಬ್ಬರಿ ಮಿಠಾಯಿ ಮಾಡಿದರು. ಇಂಥ ಅತ್ತೆಯನ್ನು ಪಡೆದ ನನ್ನ ಪುಣ್ಯ ದೊಡ್ಡದು.

ಸಮಾರಂಭ ಮುಗಿದದ್ದೇ ಮಿಠಾಯಿ ಡಬ್ಬಿ ಹಿಡಿದು ಹಾರನಹಳ್ಳಿ ಬಸ್ಸು ಹತ್ತಿದೆ. ಬೇಸಿಗೆ ತರಗತಿಗೂ ಅದೇ ಕೊನೆಯ ದಿನ. ಮಕ್ಕಳಿಗೆಲ್ಲ ಹಂಚಿದ ಮೇಲೆ ಸುಮ್ಮನೆ ಕೇಳಿದೆ:

"ಈ ಬೇಸ್ಗೇಲಿ ನಾನು ಕಲಿಸಿದ್ದರಲ್ಲಿ ಇನ್ನೂ ಅರ್ಥ ಆಗದೆ ಇರೋದು ಯಾರಿಗಾದ್ರೂ ಇದೆಯಾ?"

ಕಿಟಕಿಯ ಪಕ್ಕ ಒಂದೇ ಒಂದು ಬಲಗೈ ಮೇಲೆದ್ದಿತು, ಈ ಸಲ ಕಣ್ಣಲ್ಲಿ ನೀರಿಲ್ಲದೆ.

"ಭಿನ್ನರಾಶಿ, ಮಿಸ್" ಎಂದಳು ದಿವ್ಯಾ.

ಡಬ್ಬಿ ಪಕ್ಕಕ್ಕಿಟ್ಟು ಸೀಮೆಸುಣ್ಣ ಎತ್ತಿಕೊಂಡೆ.